ಗ್ವಿಲ್ ಟವೆಲ್ ಎಂಬ ನನ್ನ ತಾತ

ಶನಿವಾರ ಸಂಜೆ ನನ್ನ ಮಗಳ ಮೂಲೆಯಲ್ಲಿ ಯಾರು ನಿಂತಿರುತ್ತಾರೆ ಎಂಬುದು ಗುರುವಾರ ಬಂದರೂ ನನಗೆ ಗೊತ್ತಾಗಿಲ್ಲ.

ನೆಸ್ಟ್‌ಗೆ ಈಗ ಹನ್ನೊಂದು ವರ್ಷ. ಜನರೆದುರು ಬಾಕ್ಸಿಂಗ್ ರಿಂಗ್ ಹತ್ತುವುದು ಇದೇ ಮೊದಲು. ಮೂರು ಸುತ್ತು, ಸುತ್ತಿಗೆ ಒಂದೂವರೆ ನಿಮಿಷ. ಒಟ್ಟು ಸೇರಿಸಿದರೆ ಒಂದು ಮೊಟ್ಟೆ ಬೇಯುವಷ್ಟು ಹೊತ್ತು. ತಲೆಗೆ ದಪ್ಪ ರಕ್ಷೆ, ಹಲ್ಲಿಗೆ ರಬ್ಬರು, ಪಕ್ಕದಲ್ಲೇ ಡಾಕ್ಟರು. ಇವನ್ನೆಲ್ಲ ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ತಲೆಗೆ ಪೆಟ್ಟಾದ ಮಕ್ಕಳಲ್ಲಿ ಕಾಣುವ ಲಕ್ಷಣಗಳನ್ನು ಫೋನಿನಲ್ಲಿ ಓದಿ ಓದಿ, ಈಗ ಅವಳು ಆಕಳಿಸಿದರೂ ಗಲ್ಲ ಹಿಡಿದು ಕಣ್ಣಪಾಪೆ ನೋಡುತ್ತೇನೆ. "ಅಮ್ಮಾ, ನಿದ್ದೆ ಬರ್ತಿದೆ ಅಷ್ಟೆ," ಎಂದು ಕೈ ಕೊಡವುತ್ತಾಳೆ. ಪೆಟ್ಟಿನ ಭಯವನ್ನು ಹೇಗೋ ನುಂಗಬಹುದು. ನುಂಗಲಾಗದ್ದು ಇದು: ಸಾಕು ಎನ್ನಬೇಕಾದ ಹೊತ್ತು ಬಂದರೆ, ಸಾಕು ಎನ್ನುವವರು ಯಾರು?

ಸುತ್ತುಗಳ ನಡುವೆ ನೀರು ಕೊಡಲು, ಬೇಕೆನಿಸಿದರೆ ಪಂದ್ಯ ನಿಲ್ಲಿಸಲು, ರಿಂಗಿನ ಮೂಲೆಗೆ ಇಬ್ಬರು ಬೇಕು. ಒಬ್ಬ ಕರ್ಟಿಸ್, ನಮ್ಮ ಕ್ಲಬ್ಬಿನ ಕೋಚ್. ಒಳ್ಳೆಯವನು, ಮಕ್ಕಳು ಅವನ ಹಿಂದೆ ಹಿಂದೆಯೇ ಇರುತ್ತವೆ. ಆದರೆ ಅಭ್ಯಾಸದ ಹೊತ್ತಿನಲ್ಲಿ ಅವನು ಮಕ್ಕಳನ್ನು ನೋಡುವುದು ಫೋನಿನ ಪರದೆಯೊಳಗೆ. ಯಾವಾಗಲೂ ವೀಡಿಯೊ ತೆಗೆಯುತ್ತಿರುತ್ತಾನೆ. ಎರಡನೆಯವರು ಯಾರು ಎಂದು ಮಂಗಳವಾರ ಅವನನ್ನೇ ಕೇಳಿದೆ.

"ಅವತ್ತು ಯಾರಾದ್ರೂ ಸಿಗ್ತಾರೆ ಬಿಡಿ ಲೌರಿ ಅಕ್ಕ. ಬೇರೆ ಕ್ಲಬ್ಬಿನವ್ರು ಬಂದಿರ್ತಾರಲ್ಲ. ಅವ್ರ ಮಕ್ಕಳಿಗೆ ನಾವು ನಿಲ್ತೀವಿ, ನಮ್ಮ ಮಕ್ಕಳಿಗೆ ಅವ್ರು ನಿಲ್ತಾರೆ. ಮೊದ್ಲಿಂದ್ಲೂ ಹಂಗೇ."

"ಯಾರಾದ್ರೂ ಅಂದ್ರೆ?"

"ಕೋಚ್ ಕಾರ್ಡ್ ಇರೋರು ಯಾರಾದ್ರೂ. ಮೂಲೇಲಿ ನೀರಿನ ಬಕೆಟ್ ಹಿಡಿಯೋಕೆ ಪಿಎಚ್‌ಡಿ ಬೇಕಾ ಅಕ್ಕ? ನೀವೇ ಯಾರನ್ನಾದ್ರೂ ಕರ್ಕೊಂಡ್ ಬಂದ್ರೂ ನಂಗೇನೂ ಬೇಜಾರಿಲ್ಲ."

ಒಪ್ಪಿಗೆಯ ಕಾಗದ ಫ್ರಿಜ್ಜಿನ ಬಾಗಿಲಲ್ಲಿ ನೇತಾಡುತ್ತಿದೆ. ನಾನಿನ್ನೂ ಸಹಿ ಹಾಕಿಲ್ಲ. ನಾಳೆ ಸಂಜೆಯೊಳಗೆ ಕೊಡದಿದ್ದರೆ ನೆಸ್ಟ್ ರಿಂಗ್ ಹತ್ತುವಂತಿಲ್ಲ. ಅದು ಅವಳಿಗೂ ಗೊತ್ತು. ಹಾಲು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದಾಗಲೆಲ್ಲ ಕಾಗದವನ್ನು ನೋಡಿ, ನನ್ನನ್ನು ನೋಡಿ ಹೋಗುತ್ತಾಳೆ.

ಮೂಲೆಯ ಆ ಎರಡನೆಯ ಜಾಗದಲ್ಲಿ ನಿಲ್ಲಬೇಕಾಗಿದ್ದವನು ನನ್ನ ತಾತ. ಜನವರಿಯಲ್ಲಿ ಹೋಗಿಬಿಟ್ಟ. ತೊಂಬತ್ತು ತುಂಬಿತ್ತು, ಅಕಾಲ ಎನ್ನುವಂತಿಲ್ಲ. ಆದರೂ ಈ ಮೂರು ತಿಂಗಳಿಂದ ಅವನ ಮೇಲೆ ನನಗೆ ಸಣ್ಣ ಸಿಟ್ಟಿದೆ. ಇನ್ನೊಂದು ವಸಂತ ಇದ್ದಿದ್ದರೆ ಏನಾಗುತ್ತಿತ್ತು ಅವನಿಗೆ?

ತಾತನ ಹೆಸರು ಗ್ವಿಲಿಮ್ ಬೆಡೋ. ನಮ್ಮ ಮರ್ಥರ್ ಊರಿನಲ್ಲಿ ಆ ಹೆಸರು ಹೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಗ್ವಿಲ್ ಟವೆಲ್ ಎಂದರೆ ಸಾಕು, ಮನೆ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ವೇಲ್ಸಿನ ಈ ಕಣಿವೆಗಳಲ್ಲಿ ಒಂದೇ ಹೆಸರಿನವರು ಬೀದಿಗೆ ಆರು ಜನ. ಅದಕ್ಕೇ ಡೈ ಎಂಬ ಹೆಸರಿನವರಿಗೆ ಹಾಲಿನ ಡೈ, ರೊಟ್ಟಿಯ ಡೈ ಎಂದು ಕಸುಬನ್ನು ಹೆಸರಿಗೆ ಅಂಟಿಸುತ್ತಾರೆ. ತಾತನಿಗೆ ಅಂಟಿದ್ದು ಕಸುಬಿನಿಂದ ಬಂದದ್ದಲ್ಲ. ಒಂದು ಸಂಜೆಯಿಂದ ಬಂದದ್ದು.

ಹುಟ್ಟಿದ್ದು ೧೯೩೪ರಲ್ಲಿ, ಪೆನಿಡರೆನ್ ಕೇರಿಯಲ್ಲಿ. ಹದಿನೈದಕ್ಕೆ ಗಣಿಗಿಳಿದ. ಹದಿನೆಂಟಕ್ಕೆ, ಬೇಸಿಗೆಯಲ್ಲಿ ಊರೂರು ತಿರುಗುವ ಜಾತ್ರೆಯ ಬಾಕ್ಸಿಂಗ್ ಡೇರೆಗೆ ಸೇರಿಕೊಂಡ. ಡೇರೆಯ ಮುಂದೆ ಹಲಗೆಯ ಮೇಲೆ ನಾಲ್ಕೈದು ಜನ ಬಾಕ್ಸರ್‌ಗಳು ನಿಲ್ಲಬೇಕು. ಯಜಮಾನ ಕೂಗಿ ಕೂಗಿ ಸವಾಲು ಹಾಕಬೇಕು. ಬಿಯರ್ ಕುಡಿದ ರೈತರ ಹುಡುಗರು ಅಂಗಿ ಬಿಚ್ಚಿ ಮುಂದೆ ಬರಬೇಕು. ಆ ಡೇರೆಯಲ್ಲಿ ಬೆನ್ನಿನ ಮೇಲೆ 'ಸ್ಪೇನಿನ ಪೆದ್ರೋ' ಎಂದು ಕಸೂತಿ ಹಾಕಿದ ಒಂದು ಕೆಂಪು ನಿಲುವಂಗಿ ಇತ್ತಂತೆ. ಅದು ಯಾರ ಮೈಗೆ ಹಿಡಿಸುತ್ತದೋ ಆ ವರ್ಷ ಅವನೇ ಪೆದ್ರೋ. ಎರಡು ಬೇಸಿಗೆ ತಾತ ಸ್ಪೇನಿನವನಾಗಿದ್ದ. ಬ್ರೆಕನ್ ಜಾತ್ರೆಯಲ್ಲಿ ಎದೆ ಉಬ್ಬಿಸಿ ನಿಂತಿದ್ದಾಗ ಗುಂಪಿನೊಳಗಿಂದ ಯಾರೋ ಕೂಗಿದರಂತೆ: "ಲೇ ಪೆದ್ರೋ, ನಿಮ್ಮಮ್ಮ ಪೆನಿಡರೆನ್‌ನಿಂದ ಹೇಳಿ ಕಳಿಸಿದಾಳೆ, ಒಲೆಗೆ ಕಲ್ಲಿದ್ದಲು ತುಂಬಿಸ್ದೇ ಬಂದ್ಬಿಟ್ಟಿದೀಯಂತೆ."

ಆಮೇಲೆ ಪರವಾನಗಿ ಪಡೆದು ಹನ್ನೊಂದು ಪಂದ್ಯ ಆಡಿದ. ಏಳು ಸೋತ. "ನಾಲ್ಕು ಗೆದ್ದೆ ಅಂತ ಯಾಕೆ ಹೇಳಲ್ಲ ತಾತ?" ಎಂದರೆ, "ಗೆದ್ದಿದ್ದು ನಂಗೆ ನೆನಪಿಲ್ಲ ಕಂದ, ಸೋತಿದ್ದು ಮೂಗಿಗೆ ನೆನಪಿದೆ," ಎನ್ನುತ್ತಿದ್ದ. ಬಟ್ಟೆ ತೊಳೆಯುವ ಯಂತ್ರದ ಕಾರ್ಖಾನೆ ಸೇರಿ ಮೂವತ್ತು ವರ್ಷ ದುಡಿದ. ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತ ಸಂಜೆಗಳನ್ನೆಲ್ಲ ಬಸ್ ಗ್ಯಾರೇಜಿನ ಮೇಲಿನ ಜಿಮ್ಮಿಗೆ ಕೊಟ್ಟ.

ನನ್ನ ಬಾಲ್ಯದ ಬೇಸಿಗೆ ಎಂದರೆ ಆ ಜಿಮ್ಮಿನ ಮೆಟ್ಟಿಲು. ಅಮ್ಮ ಮದುವೆಯಾಗಿ ಕಾರ್ಡಿಫ್ ಸೇರಿದ್ದಳು. ನನ್ನ ಓದೆಲ್ಲ ಅಲ್ಲೇ ಆಯಿತು. ಆಗಸ್ಟ್ ಬಂದರೆ ರೈಲಿನಲ್ಲಿ ಒಂದು ಗಂಟೆ, ತಾತನ ಮನೆ. ಓಲ್ವೆನ್ ಅಜ್ಜಿ ಕಾವಲಿಯ ಮೇಲೆ ಒಣದ್ರಾಕ್ಷಿಯ ಬಿಲ್ಲೆಗಳನ್ನು ಬೇಯಿಸಿ, ಸಕ್ಕರೆ ಉದುರಿಸಿ, ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಅವು ಆರುವ ಮೊದಲು ನಾವು ಜಿಮ್ ತಲುಪಬೇಕು. ಕೆಳಗಿನಿಂದ ಡೀಸೆಲ್ ವಾಸನೆ, ಮೇಲಿನಿಂದ ನೋವಿನೆಣ್ಣೆಯ ಘಾಟು, ನಡುವೆ ನನ್ನ ಮಡಿಲಲ್ಲಿ ಬೆಣ್ಣೆಯ ಪರಿಮಳ. ಬೋರಲು ಹಾಕಿದ ಬಕೆಟ್ಟಿನ ಮೇಲೆ ನಾನು ಕೂರುತ್ತಿದ್ದೆ. ಹಗ್ಗ ಜಿಗಿಯುವ ಸದ್ದು, ಚೀಲಕ್ಕೆ ಗುದ್ದು ಬೀಳುವ ಸದ್ದು, ಮೂರು ನಿಮಿಷಕ್ಕೊಮ್ಮೆ ಗಂಟೆ. ಈಗಲೂ ಎಲ್ಲಾದರೂ ಬಸ್ ನಿಲ್ದಾಣದಲ್ಲಿ ನಿಂತರೆ ಹೊಟ್ಟೆ ಸುಮ್ಮನೆ ಹಸಿಯುತ್ತದೆ.

ಗೋಡೆಯ ತುಂಬ ವೇಲ್ಸಿನ ಹಳೆಯ ಬಾಕ್ಸರ್‌ಗಳ ಫೋಟೋಗಳಿದ್ದವು. ಅವುಗಳ ಸಾಲು ನನಗೆ ಬಾಯಿಪಾಠ. ಮೊದಲು ಜಿಮ್ ಡ್ರಿಸ್ಕಲ್. ಅಮೆರಿಕದಲ್ಲಿ ದೊಡ್ಡ ಪಂದ್ಯದ ಅವಕಾಶ ಎದುರಿಗಿದ್ದಾಗಲೂ, ಕಾರ್ಡಿಫ್‌ನ ಅನಾಥಾಲಯದ ಸನ್ಯಾಸಿನಿಯರಿಗೆ ಕೊಟ್ಟ ಮಾತಿಗಾಗಿ ಹಡಗು ಹತ್ತಿ ವಾಪಸ್ಸು ಬಂದವನು. ಅವನ ಪಕ್ಕ ಜಿಮ್ಮಿ ವೈಲ್ಡ್. ಒಂದು ಮೂಟೆ ಕಲ್ಲಿದ್ದಲಿನಷ್ಟೂ ತೂಕವಿರಲಿಲ್ಲ, ಜಗತ್ತನ್ನೇ ಗೆದ್ದ. ಆಮೇಲೆ ಟಾಮಿ ಫಾರ್, ನ್ಯೂಯಾರ್ಕಿನಲ್ಲಿ ವಿಶ್ವ ಚಾಂಪಿಯನ್ ಜೋ ಲೂಯಿಸ್ ಎದುರು ಹದಿನೈದು ಸುತ್ತು ಬೀಳದೆ ನಿಂತವನು. ಕಿಟಕಿಯ ಹತ್ತಿರ, ಒಳ್ಳೆ ಬೆಳಕು ಬೀಳುವಲ್ಲಿ, ನಮ್ಮೂರಿನ ಹೋವರ್ಡ್ ವಿನ್‌ಸ್ಟೋನ್. ಆಟಿಕೆ ಕಾರ್ಖಾನೆಯಲ್ಲಿ ಬಲಗೈಯ ಮೂರು ಬೆರಳ ತುದಿ ಹೋದ ಮೇಲೆ, ಎಡಗೈಯಿಂದಲೇ ಬಾಕ್ಸಿಂಗ್ ಕಟ್ಟಿಕೊಂಡು ವಿಶ್ವ ಚಾಂಪಿಯನ್ ಆದವನು.

ಊರಿನಲ್ಲಿ ಎಲ್ಲರಿಗೂ ಇವರೆಲ್ಲ ನೆಂಟರೇ. ಒಬ್ಬನ ಅಪ್ಪ ಅವರ ಜೊತೆ ಶಾಲೆಗೆ ಹೋದವನು, ಇನ್ನೊಬ್ಬಳ ಅತ್ತೆ ಅವರ ಅಂಗಿ ಹೊಲಿದವಳು. ತಾತ ಮಾತ್ರ, "ಅವ್ರಲ್ಲೊಬ್ರ ಹಿಂದೆ ನಾನೂ ಒಂದ್ಸಲ ಬಸ್ಸಿಗೆ ಕಾದಿದ್ದೆ. ಬೆನ್ನು ಚೆನ್ನಾಗಿತ್ತು," ಎನ್ನುತ್ತಿದ್ದ.

ಆದರೆ ಅಂಥ ಗೋಡೆಯ ಕೆಳಗೆ ಬೆಳೆಯುವುದು ಸುಲಭವಲ್ಲ ಎಂದು ಅವನಿಗೆ ಗೊತ್ತಿತ್ತು. ಆ ಫೋಟೋಗಳನ್ನು ನೋಡುತ್ತ ಗುದ್ದುವ ಹುಡುಗರಿಗೆ, ಬಿದ್ದಲ್ಲೇ ಇರುವುದು ಎಂದರೆ ಊರಿನ ಮುಖಕ್ಕೆ ಮಸಿ ಬಳಿದಂತೆ. ಅವರು ತಾವಾಗಿ ಎಂದೂ ಸಾಕು ಎನ್ನುವುದಿಲ್ಲ. ಅದನ್ನು ಮೂಲೆಯವನೇ ಹೇಳಬೇಕು.

ಅದಕ್ಕಾಗಿ ತಾತ ತನ್ನದೇ ಒಂದು ವಿಧಾನ ಮಾಡಿಕೊಂಡಿದ್ದ. ಬೇರೆ ಕೋಚ್‌ಗಳು ಸುತ್ತು ಮುಗಿದಾಗ, ಹುಡುಗನ ತಲೆ ನೆಟ್ಟಗಿದೆಯೇ ಎಂದು ತಿಳಿಯಲು, ಇದು ಎಷ್ಟನೇ ಸುತ್ತು, ನಾವು ಯಾವ ಊರಲ್ಲಿದ್ದೀವಿ ಎಂದು ಕೇಳುತ್ತಿದ್ದರು. ತಾತನ ಪ್ರಕಾರ ಅದೆಲ್ಲ ದಂಡ. "ತಲೆ ಕೆಟ್ಟಿರೋನೂ ಊರ ಹೆಸ್ರು ಹೇಳ್ತಾನೆ ಕಂದ. ನೀರು ಹೆಂಗ್ ಇಸ್ಕೋತಾನೆ ನೋಡ್ಬೇಕು." ವಾರವಿಡೀ ಅಭ್ಯಾಸದಲ್ಲಿ ಪ್ರತಿಯೊಬ್ಬ ಬಾಕ್ಸರ್‌ಗೂ ಅವನೇ ಕೈಯಾರೆ ನೀರು ಕೊಡುತ್ತಿದ್ದ. ಒಬ್ಬ ಕಣ್ಣು ಮುಚ್ಚಿ ಕುಡಿಯುತ್ತಾನೆ, ಒಬ್ಬ ಮೊದಲು ಉಗಿಯುತ್ತಾನೆ, ಒಬ್ಬ ಬಾಟಲಿ ಕಸಿದುಕೊಳ್ಳುತ್ತಾನೆ. ಎಲ್ಲ ತಾತನ ತಲೆಯಲ್ಲಿ ಅಚ್ಚಾಗಿರುತ್ತಿತ್ತು. ಪಂದ್ಯದ ದಿನ ಯಾರಾದರೂ ಎಂದಿನಂತೆ ನೀರು ಇಸಿದುಕೊಳ್ಳದಿದ್ದರೆ, ಅಲ್ಲಿಗೆ ಪಂದ್ಯ ಮುಗಿಯಿತು. ನಲವತ್ತು ವರ್ಷದಲ್ಲಿ ಹಾಗೆ ಒಂಬತ್ತು ಪಂದ್ಯ ನಿಲ್ಲಿಸಿದ್ದನಂತೆ. ಎಂಟರ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಒಂಬತ್ತನೆಯದು ಮ್ಯಾನ್ಸೆಲ್ ಟೀಗ್‌ನದು.

ಮ್ಯಾನ್ಸೆಲ್ ಪಕ್ಕದ ಬೀದಿಯವನು. ಹನ್ನೆರಡನೆಯ ವಯಸ್ಸಿನಿಂದ ತಾತನ ಕೈಯಲ್ಲೇ ಬೆಳೆದವನು. ಬಾಯಿ ಬಹಳ ಕೆಟ್ಟದು. ಸ್ಟೂಲಿನ ಮೇಲೆ ಕೂತ ಕೂಡಲೇ, "ಎಲ್ಲಿ ಸತ್ತಿದ್ದೆ ಮುದುಕ, ಬೇಗ ಕೊಡು," ಎಂದು ಬಾಟಲಿ ಕಿತ್ತುಕೊಳ್ಳುತ್ತಿದ್ದ. ಆಗ ತಾತನಿಗೆ ನಲವತ್ತಾರು. ಮನೆಗೆ ಬಂದರೂ ಅದೇ ಬಾಯಿ. ಅಜ್ಜಿ ಚಮಚದಿಂದ ತಲೆಗೆ ಮೊಟಕುತ್ತಿದ್ದಳು, ಆಮೇಲೆ ಅದೇ ಚಮಚದಿಂದ ಬಡಿಸುತ್ತಿದ್ದಳು.

೧೯೮೦ರ ಸೆಪ್ಟೆಂಬರಿನಲ್ಲಿ ನಮ್ಮೂರಿನ ಜಾನಿ ಓವೆನ್ ವಿಶ್ವ ಪಟ್ಟಕ್ಕಾಗಿ ಲಾಸ್ ಏಂಜಲೀಸ್‌ಗೆ ಹೋದ. ಕಡ್ಡಿಯಂಥ ಮೈ, ನಾಚಿಕೆಯ ಸ್ವಭಾವ, ಇಪ್ಪತ್ನಾಲ್ಕು ವರ್ಷ. ಹನ್ನೆರಡನೆಯ ಸುತ್ತಿನಲ್ಲಿ ಬಿದ್ದವನಿಗೆ ಪ್ರಜ್ಞೆ ಮರಳಲಿಲ್ಲ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತು ಇದು, ಅಜ್ಜಿ ಹೇಳಿದ್ದು. ಆರು ವಾರಕ್ಕೂ ಮೇಲೆ ಊರು ಉಸಿರು ಹಿಡಿದು ಕಾದಿತ್ತಂತೆ. ರೊಟ್ಟಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಚರ್ಚಿನ ಬಾಗಿಲಲ್ಲಿ, "ಏನಾದ್ರೂ ಗೊತ್ತಾಯ್ತಾ?" ಎನ್ನುವುದೊಂದೇ ಮಾತು, ಯಾರ ವಿಷಯ ಎಂದು ಯಾರೂ ಕೇಳುತ್ತಿರಲಿಲ್ಲ. ನವೆಂಬರಿನಲ್ಲಿ ಸುದ್ದಿ ಬಂತು. ಅಂತ್ಯಸಂಸ್ಕಾರದ ದಿನ ತಾತ ರಸ್ತೆಯ ಬದಿಯಲ್ಲಿ ಟೋಪಿ ತೆಗೆದು ನಿಂತಿದ್ದವನು, ಜನ ಚದುರಿದ ಮೇಲೂ ಅಲ್ಲೇ ನಿಂತಿದ್ದ. ಅಜ್ಜಿ ಹೋಗಿ ತೋಳು ಹಿಡಿದು ಕರೆತಂದಳು.

ಅದಾದ ನಾಲ್ಕು ತಿಂಗಳಿಗೆ ಮ್ಯಾನ್ಸೆಲ್‌ನ ಪಂದ್ಯ, ಕಾರ್ಡಿಫ್‌ನಲ್ಲಿ. ಗೆದ್ದರೆ ಮುಂದಿನದು ವೇಲ್ಸ್ ಪಟ್ಟದ ಪಂದ್ಯ. ಹತ್ತು ಸುತ್ತು. ನಮ್ಮೂರಿನಿಂದ ಮೂರು ಬಸ್ ಜನ. ಟೀವಿಯವರೂ ಬಂದಿದ್ದರು. ಎಂಟನೆಯ ಸುತ್ತಿನ ಕೊನೆಯಲ್ಲಿ ಮ್ಯಾನ್ಸೆಲ್ ಕಿವಿಯ ಹಿಂದೆ ಒಂದು ಬಲವಾದ ಪೆಟ್ಟು ತಿಂದ. ಬೀಳಲಿಲ್ಲ, ನೆಟ್ಟಗೆ ನಡೆದು ಬಂದು ಸ್ಟೂಲಿನ ಮೇಲೆ ಕೂತ. ತಾತ ನೀರು ಕೊಟ್ಟ. ಮ್ಯಾನ್ಸೆಲ್ ಮೆಲ್ಲಗೆ ಇಸಿದುಕೊಂಡು ಕುಡಿದು, ಬಾಟಲಿ ವಾಪಸ್ಸು ಕೊಟ್ಟು, "ಥ್ಯಾಂಕ್ ಯೂ, ಮಿಸ್ಟರ್ ಬೆಡೋ," ಎಂದ.

ತಾತ ತಿರುಗಿ ರೆಫರಿಯನ್ನು ಕೈಸನ್ನೆ ಮಾಡಿ ಕರೆದ. ಪಂದ್ಯ ನಿಂತಿತು.

ಸೋಲೊಪ್ಪಿ ಪಂದ್ಯ ನಿಲ್ಲಿಸುವಾಗ ಮೂಲೆಯವರು ರಿಂಗಿನೊಳಗೆ ಟವೆಲ್ ಎಸೆಯುವುದು ವಾಡಿಕೆ. ತಾತ ಎಸೆದಿರಲಿಲ್ಲ. ಟವೆಲ್ ಅವನ ಹೆಗಲ ಮೇಲೇ ಇತ್ತು. ಆದರೆ ಊರಿಗೆ ಹೆಸರಿಡುವ ಅವಸರದಲ್ಲಿ ಅಷ್ಟೆಲ್ಲ ಬೇಕಿರಲಿಲ್ಲ. ಮರುದಿನ ಇನ್ನೊಂದು ವಿಷಯ ಹೊರಬಿತ್ತು. ಆಗೆಲ್ಲ ಅಂಕ ಹಾಕುವವನು ರೆಫರಿ ಒಬ್ಬನೇ. ಪಂದ್ಯ ಮುಗಿಯುವವರೆಗೆ ಅವನ ಕಾರ್ಡು ಯಾರಿಗೂ ಕಾಣುತ್ತಿರಲಿಲ್ಲ. ಆ ಕಾರ್ಡಿನಲ್ಲಿ ಮ್ಯಾನ್ಸೆಲ್ ಅರ್ಧ ಅಂಕ ಮುಂದಿದ್ದ.

ಆ ವಾರ ತಾತನ ಮನೆಯ ಗೇಟಿಗೆ ಯಾರೋ ಟವೆಲ್‌ಗಳನ್ನು ನೇತುಹಾಕಿ ಹೋದರು. ಒಂದಲ್ಲ, ಆರು. ಅಜ್ಜಿ ಅವನ್ನು ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಇಸ್ತ್ರಿ ಮಾಡಿ, ಅಡುಗೆಮನೆಯ ಕಪಾಟಿನಲ್ಲಿಟ್ಟಳು. "ಒಂದಂತೂ ದುಬಾರಿ ಐರಿಷ್ ಲಿನನ್," ಎಂದು ಸಾಯುವವರೆಗೂ ಹೇಳುತ್ತಿದ್ದಳು. ಮಾಂಸದ ಅಂಗಡಿಯವನು, "ಗ್ವಿಲ್, ಕೈ ಒರೆಸ್ಕೊಳ್ಳೋಕೆ ಏನಾದ್ರೂ ಬೇಕಾ?" ಎಂದರೆ ತಾತ, "ನಮ್ಮನೇಲಿ ಆರಿವೆ, ನಿಂಗೊಂದು ಕೊಡ್ಲಾ?" ಎನ್ನುತ್ತಿದ್ದ. ನಗುತ್ತಲೇ ಹೇಳುತ್ತಿದ್ದ. ಆದರೆ ಮ್ಯಾನ್ಸೆಲ್ ಮಾತು ಬಿಟ್ಟ. ಬೆಟ್ಟದ ಆಚೆ ಅಬರ್ಡೇರ್‌ಗೆ ಹೋದ. ಪಟ್ಟದ ಪಂದ್ಯ ಇನ್ನೊಬ್ಬನ ಪಾಲಾಯಿತು, ಇವನಿಗೆ ಮತ್ತೆ ಅಂಥದ್ದು ಒದಗಲಿಲ್ಲ. ಅಜ್ಜಿಯ ಅಂತ್ಯಸಂಸ್ಕಾರಕ್ಕೆ ಹೂವು ಕಳಿಸಿದ, ತಾನು ಬರಲಿಲ್ಲ.

ಆ ಸಂಜೆಯ ಕಾರಣವನ್ನು ತಾತ ಊರಿಗೆ ಹೇಳಲೇ ಇಲ್ಲ. ನನಗೆ ಹೇಳಿದ್ದು ಮೂರು ವರ್ಷದ ಹಿಂದೆ. ಮದುವೆ ಮುರಿದು, ನೆಸ್ಟ್‌ಳ ಕೈಹಿಡಿದುಕೊಂಡು ಮರ್ಥರ್‌ಗೆ ವಾಪಸ್ಸು ಬಂದಿದ್ದೆ. ಒಂದು ವಾರದೊಳಗೆ ನನ್ನ ಮಗಳು ಜಿಮ್ಮಿನ ಮೆಟ್ಟಿಲು ಹತ್ತಿದ್ದಳು. ನಾನು ಅಡುಗೆಮನೆಯಲ್ಲಿ ತಾತನ ಮೇಲೆ ಹರಿಹಾಯ್ದೆ.

"ಅವಳಿಗೇನಾದ್ರೂ ಆದ್ರೆ?"

"ನಾನ್ ಇರ್ತೀನಲ್ಲ."

"ನೀನಿದ್ರೆ? ನಿನ್ನನ್ನ ಇಡೀ ಊರು ಟವೆಲ್ ಅಂತ ಕರೆಯುತ್ತೆ."

"ಅದಕ್ಕೇ ಹೇಳಿದ್ದು, ನಾನಿರ್ತೀನಲ್ಲ ಅಂತ," ಎಂದು ಟೀ ಬಗ್ಗಿಸಿದ. ಆಮೇಲೆ ಮ್ಯಾನ್ಸೆಲ್ ನೀರು ಕುಡಿದು ಥ್ಯಾಂಕ್ ಯೂ ಎಂದದ್ದನ್ನು ಹೇಳಿದ. "ಹತ್ತು ವರ್ಷದಲ್ಲಿ ಆ ಹುಡುಗ ನಂಗೆ ಒಂದ್ಸಲಾನೂ ಥ್ಯಾಂಕ್ಸ್ ಅಂದಿರ್ಲಿಲ್ಲ. ಮಿಸ್ಟರ್ ಅಂತೂ ಬಿಡು. ಯಾರೋ ಬೇರೆಯೋನು ಅವನ ಬಾಯಲ್ಲಿ ಮಾತಾಡ್ದಂಗಾಯ್ತು. ನನ್ನ ಬೆನ್ನು ತಣ್ಣಗಾಗೋಯ್ತು ಕಂದ."

"ಅವನಿಗೆ ಹೇಳೋದಲ್ವಾ?"

"ಏನಂತ? ನೀನು ಮರ್ಯಾದೆ ಕೊಟ್ಟೆ, ಅದಕ್ಕೆ ನಿಲ್ಲಿಸ್ದೆ ಅಂತಾನಾ? ನಗ್ತಿದ್ರು. ಅವನು ಬಂದು ಕೇಳಿದ್ರೆ ಹೇಳೋಣ ಅಂತಿದ್ದೆ. ಬರ್ಲಿಲ್ಲ."

ನೆಸ್ಟ್‌ಗೂ ಅವನು ಬಾಟಲಿಯಲ್ಲಿ ನೀರು ಕೊಡುತ್ತಿದ್ದ. ಅವಳು ಕುಡಿಯುವುದನ್ನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಕೈ ನಡುಗುತ್ತಿತ್ತು, ಕಣ್ಣು ನಡುಗುತ್ತಿರಲಿಲ್ಲ. ಆ ಎರಡು ಚಳಿಗಾಲ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅಷ್ಟು ಚೆನ್ನಾಗಿ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಜನವರಿಯಲ್ಲಿ ಮಣ್ಣು ಮಾಡಿದ ಮೇಲೆ ಜಿಮ್ಮಿನಲ್ಲೇ ಟೀ ಇಟ್ಟಿದ್ದೆವು. ಹ್ಯಾಮ್ ಸ್ಯಾಂಡ್‌ವಿಚ್, ಉಪ್ಪಿನಕಾಯಿ ಈರುಳ್ಳಿ, ದೊಡ್ಡ ಹಂಡೆಯಲ್ಲಿ ಚಹಾ. ಚಪ್ಪಟೆ ಮೂಗಿನ ಹಳೆಯ ಬಾಕ್ಸರ್‌ಗಳೆಲ್ಲ ಹೊಳೆಯುವ ಬೂಟು, ತಮ್ಮ ಸಂಘದ ಟೈ ತೊಟ್ಟು ಸಾಲಾಗಿ ಕೂತಿದ್ದರು. ಕೊನೆಯಲ್ಲಿ ಮೆಟ್ಟಿಲು ಹತ್ತಿ ಬಂದವರು ಅಗಲ ಭುಜದ, ಬೆಳ್ಳಗಿನ ಕೂದಲಿನ ಒಬ್ಬರು. ಹಂಡೆಯ ಹತ್ತಿರ ನಿಂತಿದ್ದ ನನ್ನ ಮುಂದೆ ಕಪ್ಪು ಹಿಡಿದರು.

"ಸಕ್ಕರೆ?"

"ಮೂರು. ಹೆಂಡ್ತಿಗೆ ಹೇಳ್ಬೇಡ." ಆಮೇಲೆ, "ನೀನು ಲೌರಿ. ಮುದುಕನ ಗಲ್ಲಾನೇ ಇದೆ ನಿಂಗೆ. ನಾನು ಮ್ಯಾನ್ಸೆಲ್."

ಸಕ್ಕರೆ ನಾಲ್ಕು ಹಾಕಿಬಿಟ್ಟೆ.

"ಅಳೋಕ್ ಬಂದಿಲ್ಲ ನಾನು," ಎಂದರು. "ಅವನು ಯಾಕೆ ನಿಲ್ಲಿಸ್ದ ಅಂತ ಯಾರಿಗಾದ್ರೂ ಹೇಳಿ ಸತ್ನಾ, ಅದನ್ನ ಕೇಳೋಕ್ ಬಂದೆ. ಇಲ್ಲಿ ಕೂತಿರೋ ಒಬ್ಬ ನನ್ಮಗನಿಗೂ ಗೊತ್ತಿಲ್ಲ."

"ನಂಗೆ ಹೇಳಿದಾನೆ."

ಕಪ್ಪನ್ನು ಮೇಜಿನ ಮೇಲಿಟ್ಟರು. ನಾನು ಹೇಳಿದೆ. ನೀರು, ಥ್ಯಾಂಕ್ ಯೂ, ಮಿಸ್ಟರ್ ಬೆಡೋ. ಹೇಳುವಾಗಲೇ ಅವರ ಮುಖದಲ್ಲಿ ಏನೋ ಆಗುತ್ತಿತ್ತು, ಸಿಟ್ಟು ಎಂದುಕೊಂಡೆ. ಅವರು ಬೋರಲು ಹಾಕಿದ ಬಕೆಟ್ಟೊಂದನ್ನು ಕಾಲಿನಿಂದ ಎಳೆದು ಅದರ ಮೇಲೆ ಕೂತು, ಭುಜ ಕುಲುಕುವಂತೆ ನಗತೊಡಗಿದರು. ಹಳಬರೆಲ್ಲ ತಿರುಗಿ ನೋಡಿದರು.

"ನಮ್ಮಮ್ಮ," ಎಂದರು, ಕಣ್ಣೊರೆಸಿಕೊಳ್ಳುತ್ತ. "ಪಂದ್ಯದ ದಿನ ಬೆಳಿಗ್ಗೆ ಬೂಟಿಗೆ ಪಾಲಿಷ್ ಹಾಕ್ತಾ ಹೇಳಿದ್ಲು. ಟೀವಿಯವ್ರು ಬರ್ತಾರೆ, ಸುತ್ತು ಮುಗಿದಾಗ ಕ್ಯಾಮೆರಾ ಮೂಲೆಗೇ ತರ್ತಾರಂತೆ, ಮೈಕೂ ಇರುತ್ತಂತೆ. ಇಡೀ ವೇಲ್ಸ್ ಮುಂದೆ ಗ್ವಿಲ್‌ನ ಮುದುಕ ಅಂದೀಯ, ಮನೆಗ್ ಬರ್ಬೇಡ. ಬಾಯ್ತುಂಬ ಮಿಸ್ಟರ್ ಬೆಡೋ ಅನ್ನು, ಥ್ಯಾಂಕ್ ಯೂ ಅನ್ನು ಅಂದ್ಲು. ಏಳು ಸುತ್ತು ನಂಗೆ ಮರ್ತೇ ಹೋಗಿತ್ತು. ಎಂಟನೇ ಸುತ್ತಿಗೆ ಕ್ಯಾಮೆರಾದ ಕೆಂಪು ದೀಪ ಕಣ್ಣಿಗೆ ಬಿತ್ತು."

"ಅಂದ್ರೆ ನಿಮಗೇನೂ ಆಗಿರ್ಲಿಲ್ಲ."

"ಕಿವಿ ಗುಂಯ್ ಅಂತಿತ್ತು, ಅಷ್ಟೆ." ನಗು ನಿಂತಿತು. "ಅಷ್ಟೆ ಅಂದ್ಕೊಂಡಿದೀನಿ. ಒಂಬತ್ತು, ಹತ್ತು ಆಡ್ಲೇ ಇಲ್ವಲ್ಲ. ಯಾರಿಗ್ ಗೊತ್ತು."

ನನಗೆ ತಾತನ ಪರವಾಗಿ ನಾಚಿಕೆಯಾಯಿತು. ಅದರ ಬೆನ್ನಿಗೇ, ಮಗಳಿರುವ ನನ್ನ ಎದೆಯಲ್ಲಿ ಇನ್ನೊಂದು ಮಾತು ಎದ್ದು ಕೂತಿತು: ಮೂಲೆಯವನು ತಪ್ಪುವುದಾದರೆ ಹೀಗೇ, ಬೇಗ ನಿಲ್ಲಿಸಿ ತಪ್ಪಲಿ.

"ಅವನು ಬಾಯ್ಬಿಟ್ಟು ಹೇಳಿದ್ರೆ ಏನಾಗ್ತಿತ್ತು?" ಎಂದರು ಅವರು.

"ನೀವು ಬಂದು ಕೇಳಿದ್ರೆ ಏನಾಗ್ತಿತ್ತು?"

"ಗಲ್ಲ ಮಾತ್ರ ಅಲ್ಲ, ನಾಲಗೇನೂ ಮುದುಕಂದೇ." ಟೀ ಒಂದೇ ಗುಟುಕಿಗೆ ಮುಗಿಸಿದರು. "ಕ್ಷಮಿಸ್ಬಿಟ್ಟೆ ಅಂತ ಊರಲ್ಲೆಲ್ಲ ಹೇಳ್ಕೊಂಡು ತಿರುಗ್ಬೇಡ. ವೇಲ್ಸ್ ಚಾಂಪಿಯನ್ ಆಗ್ತಿದ್ದೆ ನಾನು. ಇಪ್ಪತ್ತೆಂಟು ವರ್ಷದಿಂದ ಆಚೆ ಕಣಿವೇಲಿ ಮಕ್ಕಳಿಗೆ ಕಲಿಸ್ತಿದೀನಿ. ಎಷ್ಟು ಪಂದ್ಯ ನಿಲ್ಲಿಸಿದೀನಿ ಲೆಕ್ಕ ಇಟ್ಟಿಲ್ಲ. ಒಬ್ಬ ಹುಡುಗನ ಅಪ್ಪ ನನ್ನ ಹಲ್ಲು ಮುರ್ದ." ತುಟಿ ಎತ್ತಿ ತೋರಿಸಿದರು. "ನಿಲ್ಲಿಸೋವಾಗೆಲ್ಲ ಆ ಮುದುಕನ್ನ ಬೈಕೊಂಡೇ ನಿಲ್ಲಿಸಿದೀನಿ. ಯಾಕೆ ನಿಲ್ಲಿಸ್ದೆ ಅಂತ ಮಾತ್ರ ಮಕ್ಕಳಿಗೆ ಕೂತು ಹೇಳ್ತೀನಿ. ಅವನು ಅದೊಂದು ಮಾಡ್ಲಿಲ್ಲ."

ಹೊರಡುವ ಮುಂಚೆ, ಆ ಪಂದ್ಯಕ್ಕೆ ಹೊರಟಾಗ ಬಸ್ಸಿನ ಮುಂದೆ ಇಬ್ಬರೂ ನಿಂತು ತೆಗೆಸಿಕೊಂಡ ಫೋಟೋ ಮನೆಯಲ್ಲಿ ಸಿಕ್ಕರೆ ಒಂದು ಪ್ರತಿ ಕಳಿಸು ಎಂದು, ಕಾಗದದ ಕರವಸ್ತ್ರದ ಮೇಲೆ ಫೋನ್ ನಂಬರ್ ಬರೆದುಕೊಟ್ಟರು. ಫೋಟೋ ಸಿಕ್ಕಿತು. ಕಳಿಸಲಿಲ್ಲ. ಫೋನ್ ಮಾಡಿದರೆ ಏನು ಮಾತಾಡುವುದು ಎಂದು ಮೂರು ತಿಂಗಳು ದೂಡಿದೆ.

ಮಂಗಳವಾರದಿಂದ ಆ ನಂಬರನ್ನು ಎಷ್ಟು ಸಲ ಒತ್ತಿ, ಎಷ್ಟು ಸಲ ಅಳಿಸಿದ್ದೇನೋ. ತಾತ ಅವರ ಪಟ್ಟ ತಪ್ಪಿಸಿದ. ಅವನ ಮೊಮ್ಮಗಳು ಈಗ ಯಾವ ಮುಖ ಇಟ್ಟುಕೊಂಡು ಕೇಳುವುದು? ಅವರು ಇಲ್ಲ ಎಂದರೆ? ಅದಕ್ಕಿಂತ, ಮೊದಲ ಸುತ್ತಿನಲ್ಲೇ ಏನೂ ಇಲ್ಲದ್ದಕ್ಕೆ ನಿಲ್ಲಿಸಿಬಿಟ್ಟರೆ? ನೆಸ್ಟ್ ಆಮೇಲೆ ಎಷ್ಟು ವರ್ಷ ನನ್ನ ಜೊತೆ ಮಾತಾಡುವುದಿಲ್ಲ? ಹಿತ್ತಲಿನಲ್ಲಿ ಅವಳು ಹಗ್ಗ ಜಿಗಿಯುವುದು ಕೇಳಿಸುತ್ತಿತ್ತು. ಒಂದೇ ಲಯ, ತಪ್ಪದೆ. ಎಷ್ಟು ಆಸೆಯಿಂದ ಜಿಗಿಯುತ್ತಿದ್ದಳೆಂದರೆ, ಸಹಿ ಹಾಕದೇ ಇರುವುದು ನನ್ನಿಂದ ಆಗದು ಎಂದು ಆಗಲೇ ಗೊತ್ತಾಯಿತು. ಉಳಿದದ್ದು ಒಂದೇ.

ನಂಬರ್ ಒತ್ತಿದೆ. ನಾಲ್ಕನೆಯ ರಿಂಗಿಗೆ ಎತ್ತಿದರು.

"ಯಾರು?"

"ಲೌರಿ. ಗ್ವಿಲಿಮ್ ಬೆಡೋ ಮೊಮ್ಮಗಳು."

"ಗ್ವಿಲ್ ಟವೆಲ್ ಮೊಮ್ಮಗಳು ಅನ್ನು, ಬೇಗ ಗೊತ್ತಾಗುತ್ತೆ. ಫೋಟೋ ಸಿಕ್ತಾ?"

"ಸಿಕ್ತು. ಆದ್ರೆ ಫೋನ್ ಮಾಡಿದ್ದು ಅದಕ್ಕಲ್ಲ. ಶನಿವಾರ ನನ್ ಮಗಳ ಮೊದಲ್ನೇ ಪಂದ್ಯ. ಕರ್ಟಿಸ್ ಇದಾನೆ. ಎರಡನೆಯವ್ರು ಇಲ್ಲ. ಅವತ್ತು ಯಾರಾದ್ರೂ ಸಿಗ್ತಾರೆ ಅಂತಾನೆ ಅವನು. ನಂಗೆ ಯಾರೋ ಬೇಡ. ನೀವು ನಿಲ್ತೀರಾ?"

ಆ ಕಡೆ ಟೀವಿಯಲ್ಲಿ ರಗ್ಬಿ ಪಂದ್ಯದ ಗದ್ದಲ. ಯಾರೋ ಅದರ ಸದ್ದು ತಗ್ಗಿಸಿದರು.

"ನಾನು ಬೇಗ ನಿಲ್ಲಿಸ್ತೀನಿ," ಎಂದರು ಕೊನೆಗೆ. "ಎಲ್ರೂ ಬೈತಾರೆ. ಗೊತ್ತಿದೆ ತಾನೇ?"

"ಗೊತ್ತಿದೆ."

"ಹುಡುಗಿ ಮಾತು ಬಿಡ್ತಾಳೆ ನನ್ ಹತ್ರ."

"ಬಿಡ್ಲಿ. ನಾನು ಬಿಡಲ್ಲ."

"ಸರಿ," ಎಂದರು. ಏನನ್ನೋ ಹುಡುಕುತ್ತಿದ್ದರು, ಡ್ರಾಯರ್ ಎಳೆದ ಸದ್ದಾಯಿತು. "ಶನಿವಾರ ಹುಡುಗಿ ತೂಕ ನೋಡೋದು ಎಷ್ಟು ಗಂಟೆಗೆ? ತಡಿ, ಕನ್ನಡಕ ಹಾಕ್ಕೋತೀನಿ. ಹ್ಞಾಂ, ಹೇಳು, ಬರ್ಕೋತೀನಿ."